ಎರಡು ಮುಕ್ಕಾಲು ನಿಮಿಷದ ವಿಷಾದ

ಆಮಂತ್ರಣ ಪತ್ರಿಕೆಯಲ್ಲಿ ತನ್ನ ಹೆಸರಿನ ಜೊತೆಗೆ ‘ವಿಷಾದ’ ಎಂದು ಮುದ್ರಿಸಿಕೊಂಡ ಮನುಷ್ಯ ಉಪ್ಪಳದ ಆಸುಪಾಸಿನಲ್ಲಿ ಭುಜಂಗನಿಗಿಂತ ಮೊದಲು ಯಾರೂ ಇರಲಿಲ್ಲ. ಮದುವೆಯ ಕಾಗದದಲ್ಲಿ ಸಂತೋಷ ಇರುತ್ತದೆ. ಮನೆ ಒಕ್ಕಲಿನ ಕಾಗದದಲ್ಲೂ ಸಂತೋಷವೇ. ಸತ್ತವರ ಹದಿಮೂರನೆಯ ದಿನದ ಕಾಗದದಲ್ಲಿ ಕೂಡ ‘ಸದ್ಗತಿ’ ಎಂದಿರುತ್ತದೆ, ಊಟದ ಸಮಯ ಇರುತ್ತದೆ, ವಿಷಾದ ಎಂಬ ಶಬ್ದ ಇರುವುದಿಲ್ಲ. ಭುಜಂಗ ಅದನ್ನು ಕಾಸು ಕೊಡದೆ, ದಪ್ಪಕ್ಷರದಲ್ಲಿ, ಐನೂರು ಪ್ರತಿಗಳಲ್ಲಿ ಮುದ್ರಿಸಿಕೊಂಡ. ಇದು ನಡೆದದ್ದು 2013ರ ಜನವರಿಯಲ್ಲಿ.

ಭುಜಂಗನಿಗೆ ಆಗ ನಲವತ್ತೊಂಬತ್ತು ವರ್ಷ. ಹಗಲು ಅವನು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ದಸ್ತಾವೇಜು ಬರೆಯುವವರ ಕೋಣೆಯಲ್ಲಿ ಗುಮಾಸ್ತ. ಜಾಗಗಳ ನಾಲ್ಕು ಗಡಿ ಬರೆದು ಬರೆದು, ಯಾವ ಸಂಗತಿಯನ್ನೂ ಅಳತೆ ಹೇಳದೆ ಬಿಡಲು ಅವನಿಂದ ಆಗುತ್ತಿರಲಿಲ್ಲ. “ಊಟ ಆಯ್ತಾ?” ಎಂದು ಕೇಳಿದರೆ “ಒಂದೂ ಹತ್ತಕ್ಕೆ ಆಯ್ತು” ಎನ್ನುವ ಜಾತಿ. ಸಂಜೆ ಅವನು ಊರಿನ ಕಲಾ ಸಂಘದ ಹಾರ್ಮೋನಿಯಂ. ಸಂಘ ವರ್ಷಕ್ಕೊಂದು ನಾಟಕ ಆಡುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅದರ ಸಂಗೀತ ಭುಜಂಗನದ್ದು.

ಸಂಗೀತ ಎಂದರೆ, ದೃಶ್ಯ ಮುಗಿದು ಪರದೆ ಬಿದ್ದಾಗ ಯಾವುದಾದರೂ ಸಿನೆಮಾದ ಹಾಡು ಬಾರಿಸುವುದು. ಪರದೆ ಬಿದ್ದೊಡನೆ ಜನ ಏಳುತ್ತಾರೆ. ಮಕ್ಕಳನ್ನು ಶಾಲೆಯ ಹಿಂದಕ್ಕೆ ಕರೆದೊಯ್ಯುತ್ತಾರೆ, ಚರುಮುರಿಯವನ ಸುತ್ತ ನಿಲ್ಲುತ್ತಾರೆ, ಆಚೆ ಸಾಲಿನ ನೆಂಟರನ್ನು ಕೂಗಿ ಮಾತಾಡಿಸುತ್ತಾರೆ. ಪರದೆ ಎದ್ದೊಡನೆ ಓಡಿ ಬಂದು ಕೂರುತ್ತಾರೆ. ಆಗ ಭುಜಂಗ ನಿಲ್ಲಿಸಬೇಕು. ಹೀಗೆ ಹತ್ತೊಂಬತ್ತು ವರ್ಷ ಅವನು ಬಾರಿಸಿದ್ದೆಲ್ಲ ಎದ್ದು ಹೋದ ಜನರ ಖಾಲಿ ಕುರ್ಚಿಗಳಿಗೆ.

ಆ ವರ್ಷದ ನಾಟಕ ಬರೆದು ಆಡಿಸುತ್ತಿದ್ದವರು ಹೈಸ್ಕೂಲಿನ ಕನ್ನಡ ಅಧ್ಯಾಪಕ ಶಿವಸುಬ್ರಹ್ಮಣ್ಯ. ಊರಿಗೆಲ್ಲ ಮಾಷ್ಟ್ರು. ಹೊಳೆಗೆ ಸೇತುವೆ ಬಂದ ಮೇಲೆ ಕೆಲಸ ಇಲ್ಲದಾದ ದೋಣಿಯವನ ಕಥೆ. ಡಿಸೆಂಬರಿನ ಮೊದಲ ವಾರ ಅವರು ಭುಜಂಗನನ್ನು ಕರೆದರು.

“ಭುಜಂಗ, ಈ ಸಲ ಪರದೆ ಏಳುವ ಮೊದಲು ಒಂದು ಸಂಗೀತ ಬೇಕು. ಸಿನೆಮಾದ್ದು ಬೇಡ. ನಿನ್ನದೇ ಬೇಕು.”

“ನನ್ನದಾ ಮಾಷ್ಟ್ರೇ?”

“ಮೂರು ನಿಮಿಷ ಮೀರ್ಬಾರ್ದು. ದೋಣಿಯವನ ದುಃಖ ಪರದೆಯ ಹಿಂದಿನಿಂದ ಬಂದ ಹಾಗೆ ಇರ್ಬೇಕು. ಜನ ಕೂತು ಕೇಳ್ಬೇಕು.”

“ಜನ ಕೂರ್ತಾರಾ?”

“ಕೂರಿಸುದು ನಿನ್ನ ಕೆಲಸ ಮಾರಾಯ.”

ಹನ್ನೊಂದು ದಿನಗಳಲ್ಲಿ ರಚನೆ ಮುಗಿಯಿತು. ತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, ಏಳು ಅಕ್ಷರ; ಅಂಥ ಇಪ್ಪತ್ತೆರಡು ಆವರ್ತ. ನಿಮಿಷಕ್ಕೆ ಐವತ್ತಾರು ಅಕ್ಷರದ ಗತಿ. ಗುಣಿಸಿ ಭಾಗಿಸಿದರೆ ಸರಿಯಾಗಿ ಎರಡು ಮುಕ್ಕಾಲು ನಿಮಿಷ. ಹಾರ್ಮೋನಿಯಂ ಭುಜಂಗ, ತಬಲ ಆಟೋ ಓಡಿಸುವ ಗುಣಪಾಲ, ಪಿಟೀಲು ಅಗಲ್ಪಾಡಿಯಿಂದ ಭಾನುವಾರ ಮಾತ್ರ ಬರುವ ಕೃಷ್ಣಕುಮಾರ, ಕ್ಲಾರಿನೆಟ್ ಮದುವೆ ಬ್ಯಾಂಡಿನ ಕುಂಞ. ನಾಲ್ಕು ಜನರನ್ನು ವಾದ್ಯವೃಂದ ಎನ್ನಬಹುದೇ ಎಂಬ ಪ್ರಶ್ನೆ ಸಂಘದ ಸಭೆಯಲ್ಲಿ ಬಂದಿತ್ತು; ಎನ್ನಬಹುದು ಎಂದು ನಿರ್ಣಯವಾಯಿತು.

ಶ್ರುತಿಯ ವಿಷಯದಲ್ಲಿ ಮಾತ್ರ ಕುಂಞ ಒಪ್ಪಲಿಲ್ಲ. ಭುಜಂಗ ಹಿಡಿದದ್ದು ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಕರಿ ಮನೆಗಳಲ್ಲಿ ಎರಡನೆಯದನ್ನು ಷಡ್ಜ ಮಾಡಿಕೊಳ್ಳುವುದು.

“ಕಪ್ಪು ಎರಡಾ? ಭುಜಂಗಣ್ಣ, ಮೂವತ್ತು ವರ್ಷದಿಂದ ದಿಬ್ಬಣಕ್ಕೆ ಊದ್ತಾ ಇದ್ದೇನೆ. ಒಬ್ಬನೇ ಒಬ್ಬ ಮದುಮಗ ಕಪ್ಪು ಎರಡರಲ್ಲಿ ನಡೆದದ್ದಿಲ್ಲ. ನನ್ನ ಬೆರಳು ಅಲ್ಲಿ ಕೂರುದಿಲ್ಲ.”

“ಇದು ಮದುವೆ ಅಲ್ಲ ಕುಂಞ, ವಿಷಾದ. ವಿಷಾದಕ್ಕೆ ಕಪ್ಪು ಎರಡೇ ಶ್ರುತಿ.”

ಇದು ಸಂಗೀತ ಶಾಸ್ತ್ರದ ಮಾತಿನ ಹಾಗೆ ಕೇಳಿಸಿತು. ವಾಸ್ತವದಲ್ಲಿ ಭುಜಂಗನ ಹಾರ್ಮೋನಿಯಂನಲ್ಲಿ ಬಿಳಿ ಒಂದರ ರೀಡನ್ನು ಜಿರಳೆ ಹಾಳು ಮಾಡಿತ್ತು. ಬಿಳಿ ಎರಡು ಒತ್ತಿದರೆ ಗಾಳಿ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅದೇ ವಾರ ದಸ್ತಾವೇಜಿನ ಕೋಣೆಗೆ ಬಂದ ಕಕ್ಷಿದಾರರೊಬ್ಬರು ಮಂಗಳೂರಿನ ಯಾವುದೋ ಪಾಶ್ಚಾತ್ಯ ಸಂಗೀತ ಕಚೇರಿಯ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಹೋದರು. ಅದರಲ್ಲಿ ಪ್ರತಿಯೊಂದು ರಚನೆಯ ಕೆಳಗೂ ಅದರ ಗತಿ ಯಾವುದು, ಶ್ರುತಿ ಯಾವುದು, ಭಾವ ಯಾವುದು ಎಂದು ಬರೆದಿತ್ತು. ಭುಜಂಗನಿಗೆ ಇದು ತುಂಬ ಮರ್ಯಾದೆಯ ಕ್ರಮ ಎನಿಸಿತು. ಸರ್ವೆ ನಂಬರು, ವಿಸ್ತೀರ್ಣ, ಗಡಿ ಇಲ್ಲದ ಜಾಗವನ್ನು ಯಾರು ರಿಜಿಸ್ಟರ್ ಮಾಡುತ್ತಾರೆ? ಅವನು ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ತನ್ನ ಕೈಯಾರೆ ಸೇರಿಸಿದ:

‘ಪೂರ್ವರಂಗ ಸಂಗೀತ. ಗತಿ: ವಿಳಂಬ. ಶ್ರುತಿ: ಕಪ್ಪು ಎರಡು. ಭಾವ: ವಿಷಾದ. ಸ್ವಂತ ರಚನೆ: ಭುಜಂಗ.’

ಅಚ್ಚಿನವನಿಗೆ ಜಾಗ ಸಾಲಲಿಲ್ಲ. ಸ್ವಾಗತ ಬಯಸುವವರ ಪಟ್ಟಿಯನ್ನು ಎಳೆದು ತಂದು ಇದಕ್ಕೇ ಅಂಟಿಸಿದ. ಆ ಪಟ್ಟಿಯ ಮೊದಲ ಹೆಸರು ಭುಜಂಗನ ಹೆಂಡತಿಯದು: ‘ಶ್ರೀಮತಿ ತುಂಗಾ ಭುಜಂಗ, ಕಾರ್ಯದರ್ಶಿ, ಮಹಿಳಾ ಸಂಘ.’ ಅಂದರೆ ಅಚ್ಚಾದ ಕಾಗದದಲ್ಲಿ ವಿಷಾದ, ಭುಜಂಗ, ತುಂಗಾ ಎಂಬ ಮೂರು ಸಂಗತಿಗಳು ಒಂದರ ಕೆಳಗೊಂದು ನಿಂತಿದ್ದವು. ನಡುವೆ ಒಂದು ಗೆರೆ ಕೂಡ ಇರಲಿಲ್ಲ.

ಜನವರಿ ಆರರಂದು ಕಾಗದ ಮನೆಮನೆಗೆ ಹೋಯಿತು. ನಾಟಕ ಇಪ್ಪತ್ತಾರಕ್ಕೆ. ನಡುವೆ ಇಪ್ಪತ್ತು ದಿನ ಇತ್ತು, ಊರಿಗೆ ಅಷ್ಟು ಸಾಕಾಯಿತು.

ಪಕ್ಕದ ಮನೆಯ ಸುಂದರಿಗೆ ಅನುಮಾನ ಮೊದಲೇ ಇತ್ತು. ಭುಜಂಗ ದಿವಸಾ ಸಂಜೆ ಐದೂವರೆಗೆ ಜಗಲಿಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದ. ಎರಡು ಮನೆಗಳ ನಡುವೆ ಇದ್ದದ್ದು ಸೊಂಟದೆತ್ತರದ ಕಲ್ಲಿನ ಗೋಡೆ. ಒಂದು ವಾರ ಸಹಿಸಿ ಸುಂದರಿ ಗೋಡೆಗೆ ಬಂದಿದ್ದಳು.

“ತುಂಗಾ, ಯಾರಿಗೆ ಹುಷಾರಿಲ್ಲ?”

“ಯಾರಿಗೂ ಎಂತ ಇಲ್ಲ ಸುಂದರಿಯಕ್ಕ. ನಾಟಕಕ್ಕೆ ಬಾರಿಸುದು.”

“ಕಳೆದ ವರ್ಷವೂ ನಾಟಕಕ್ಕೆ ಬಾರಿಸಿದ್ರಲ್ಲ. ಆಗ ನಮ್ಮ ದನ ಹಾಲು ಕೊಡ್ತಾ ಇತ್ತು.”

ಈಗ ಕಾಗದ ಕೈಗೆ ಬಂದಾಗ ಸುಂದರಿ ಅದನ್ನು ಎರಡು ಸಲ ಓದಿದಳು. ಓದಿ, ಮಹಿಳಾ ಸಂಘದ ವಾರದ ಸಭೆಗೆ ಕಾಲು ಗಂಟೆ ಮೊದಲೇ ಹೋಗಿ ಕೂತಳು. ತುಂಗಾ ಮಿನಿಟ್ಸ್ ಪುಸ್ತಕ ಹಿಡಿದು ಬರುವಷ್ಟರಲ್ಲಿ ಹದಿನೇಳು ಹೆಂಗಸರು ಮಾತು ನಿಲ್ಲಿಸಿದ್ದರು.

“ಸಿನೆಮಾದ ಹಾಡಾದರೆ ಅದು ಸಿನೆಮಾದವರ ದುಃಖ,” ಎಂದಿದ್ದಳಂತೆ ಸುಂದರಿ. “ಇದು ಸ್ವಂತ ರಚನೆ ಅಂತ ಅಚ್ಚಾಗಿದೆ. ಸ್ವಂತ ಅಂದ ಮೇಲೆ ಸ್ವಂತದ್ದೇ ಅಲ್ವಾ?”

ಈ ತರ್ಕ ಆ ಸಂಜೆಯೇ ಊರೆಲ್ಲ ಸುತ್ತಿತು.

ಮಾರನೆಯ ದಿನದಿಂದ ಭುಜಂಗನಿಗೆ ಎಲ್ಲರೂ ಮೆತ್ತಗೆ ಮಾತಾಡತೊಡಗಿದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರು. ಹೋಟೆಲಿನಲ್ಲಿ ಅವನ ಪ್ಲೇಟಿಗೆ ಕೇಳದೆ ಇನ್ನೊಂದು ಬನ್ಸ್ ಬಂತು. ಸುಂದರಿ ಗೋಡೆಯ ಮೇಲಿಂದ ಬಂಗುಡೆ ಸಾರಿನ ಪಾತ್ರೆ ಚಾಚಿ, ತುಂಗಾ ಬಾವಿಯ ಹತ್ತಿರ ಇದ್ದಾಳೆಂದು ಖಚಿತ ಮಾಡಿಕೊಂಡು, “ಊಟಕ್ಕೆ ಸರಿಯಾಗಿ ಹಾಕ್ತಾಳಲ್ಲ ಭುಜಂಗಣ್ಣ?” ಎಂದು ಕೇಳಿದಳು. ಸಂಗೀತಗಾರನಿಗೆ ಕೊನೆಗೂ ಊರಿನಲ್ಲಿ ಗೌರವ ಬಂತು ಎಂದು ಭುಜಂಗ ಸಾರು ತೆಗೆದುಕೊಂಡ. ಅದೇ ಪಾತ್ರೆಯನ್ನು ಒಳಗೆ ಕೊಂಡುಹೋಗಿ ಹೆಂಡತಿಯ ಎದುರು ಇಟ್ಟ.

“ಇದೆಂತ?”

“ಸುಂದರಿಯಕ್ಕ ಕೊಟ್ಟದ್ದು.”

“ಯಾಕೆ ಕೊಟ್ಟದ್ದು ಅಂತ ಗೊತ್ತುಂಟಾ ನಿಮ್ಗೆ?”

“ಮೀನು ಹೆಚ್ಚಾಗಿರ್ಬೇಕು.”

ತುಂಗಾ ಕಾಗದ ತಂದು ತೋರಿಸಿದಳು. ಬೆರಳಿಟ್ಟು ಮೂರು ಸಾಲು ಓದಿದಳು. ಭುಜಂಗ ಕನ್ನಡಕ ಹಾಕಿ ನೋಡಿ, ಅಚ್ಚಿನ ತಪ್ಪು ಒಂದೂ ಇಲ್ಲ ಎಂದ.

“ಇಪ್ಪತ್ತೆರಡು ವರ್ಷ ಆಯ್ತು ಮದುವೆ ಆಗಿ. ಸಂಘದಲ್ಲಿ ಮೊನ್ನೆ ಅಧ್ಯಕ್ಷರು ನನ್ನನ್ನು ಬದಿಗೆ ಕರೆದು, ಗಂಡನ ಹತ್ತಿರ ಚೂರು ನಗ್ತಾ ಮಾತಾಡು ಅಂತ ಹೇಳಿದ್ರು. ಹದಿನೇಳು ಜನ ನೋಡ್ತಾ ಇದ್ರು.”

“ಅದು ದೋಣಿಯವನ ವಿಷಾದ ಅಂತ ಹೇಳ್ಲಿಲ್ವಾ ನೀನು?”

“ಹೇಳಿದೆ. ಪಾಪ, ಗಂಡನ ಮಾನ ಮುಚ್ಚುತ್ತಾಳೆ ಅಂದ್ರು.”

ಭುಜಂಗ ಮರುದಿನ ಪ್ರತಿಯೊಬ್ಬರಿಗೂ ವಿವರಿಸುತ್ತ ಹೋದ. ಅವನು ವಿವರಿಸಿದಷ್ಟೂ ಕೇಳಿದವರು ಅವನ ಬೆನ್ನು ಸವರಿದರು.

ಆಶಾ ಕಾರ್ಯಕರ್ತೆ ನಮಿತಾ ಬಂದದ್ದು ಹದಿನಾಲ್ಕನೆಯ ತಾರೀಕು. ಅವಳು ಕರ್ತವ್ಯದಲ್ಲಿ ಒಂದು ದಿನವೂ ತಪ್ಪದ ಹೆಂಗಸು. ಸುಂದರಿ ಎರಡು ಸಲ ಫೋನ್ ಮಾಡಿದ ಮೇಲೆ ಸುಮ್ಮನಿರುವುದು ಅವಳಿಂದ ಸಾಧ್ಯ ಇರಲಿಲ್ಲ. ಕೈಯಲ್ಲಿ ಸರಕಾರ ಮಲಯಾಳದಲ್ಲಿ ಅಚ್ಚು ಹಾಕಿಸಿದ, ಮನಸ್ಸಿನ ಕಾಯಿಲೆ ಅಳೆಯುವ ಪ್ರಶ್ನೆಗಳ ಹಾಳೆ. ಅದನ್ನು ಓದುತ್ತ ಓದುತ್ತ ಕನ್ನಡ ಮಾಡಿ ಕೇಳಿದಳು.

“ಕಳೆದ ಹದಿನೈದು ದಿವಸದಲ್ಲಿ ಮನಸ್ಸು ಭಾರ ಅಂತ ಎಷ್ಟು ಸಲ ಆಗಿದೆ ಭುಜಂಗಣ್ಣ?”

ಭುಜಂಗ ಅಭ್ಯಾಸದ ವಿಷಯ ಕೇಳುತ್ತಿದ್ದಾಳೆ ಎಂದುಕೊಂಡ. “ದಿವಸಾ ಒಂದು ಗಂಟೆ. ಐದೂವರೆಯಿಂದ ಆರೂವರೆ.”

“ಸಮಯ ಬೇಡ. ಪ್ರತಿದಿನ ಅಲ್ವಾ?”

“ಭಾನುವಾರ ಎರಡು ಗಂಟೆ. ಆವತ್ತು ಪಿಟೀಲು ಬರ್ತದೆ.”

‘ಪ್ರತಿದಿನ, ಭಾನುವಾರ ಹೆಚ್ಚು’ ಎಂದು ನಮಿತಾ ಬರೆದುಕೊಂಡಳು. “ಎಲ್ಲ ನಿಧಾನ ಆದ ಹಾಗೆ ಅನಿಸ್ತದಾ?”

“ನಿಧಾನವೇ ಆಗ್ಬೇಕು. ನಿಮಿಷಕ್ಕೆ ಐವತ್ತಾರು. ಗುಣಪಾಲ ಅರುವತ್ತಕ್ಕೆ ಓಡ್ತಾನೆ, ಹಿಡಿದು ನಿಲ್ಲಿಸ್ಬೇಕು.”

“ಐವತ್ತಾರಾ!” ನಮಿತಾ ಗಾಬರಿಯಿಂದ ಅವನ ಮಣಿಕಟ್ಟು ಹಿಡಿದು ವಾಚು ನೋಡಿದಳು. ನಾಡಿ ಎಂಬತ್ತೆಂಟು ಇತ್ತು. ಅದನ್ನೂ ಬರೆದುಕೊಂಡಳು. “ಇದನ್ನು ಯಾರಿಗಾದರೂ ಹೇಳಿಕೊಳ್ಬೇಕು ಅಂತ ಉಂಟಾ?”

“ಊರಿಗೆಲ್ಲ ಕೇಳಿಸ್ಬೇಕು ಅಂತ ಉಂಟು ಮಾರಾಯ್ತಿ. ಹತ್ತೊಂಬತ್ತು ವರ್ಷದಿಂದ ಯಾರೂ ಕೇಳ್ಲಿಲ್ಲ.”

ನಮಿತಾಳ ಕಣ್ಣು ಒದ್ದೆಯಾಯಿತು. ಅಂಕಗಳನ್ನು ಕೂಡಿಸಿದಳು. ಇಪ್ಪತ್ತೊಂದರಲ್ಲಿ ಹದಿನೇಳು; ಹೆಚ್ಚಾದಷ್ಟೂ ಕೆಟ್ಟದು. ಹೈಸ್ಕೂಲಿನಲ್ಲಿ ಕೂಡ ಅಷ್ಟು ಅಂಕ ಕಾಣದಿದ್ದ ಭುಜಂಗ ಖುಷಿಯಿಂದ ಅವಳನ್ನು ಗೇಟಿನವರೆಗೆ ಬಿಟ್ಟು ಬಂದ. ಗೋಡೆಯ ಆಚೆ ನಿಂತಿದ್ದ ಸುಂದರಿಗೂ ಸಂಖ್ಯೆ ಹೇಳಿದ.

ಹದಿನೇಳು ಎಂಬ ಸಂಖ್ಯೆ ಎರಡೇ ದಿನಗಳಲ್ಲಿ ಕರ್ನಾಟಕದ ಗಡಿಯ ಹತ್ತಿರದ ಕುಂಜತ್ತೂರಿಗೆ ಮುಟ್ಟಿತು. ಅಲ್ಲಿ ತುಂಗಾಳ ಸೋದರಮಾವ ಚೆನ್ನಪ್ಪ ಇದ್ದರು. ತುಳುವರ ಮನೆಗಳಲ್ಲಿ ಹೆಣ್ಣಿನ ಸೋದರಮಾವ ಸುಮ್ಮನೆ ಬರುವುದಿಲ್ಲ. ಬಂದರೆ ಏನಾದರೂ ತೀರ್ಮಾನ ಆಗದೆ ಹೋಗುವುದಿಲ್ಲ. ಎಪ್ಪತ್ತೊಂದು ವರ್ಷದ ಚೆನ್ನಪ್ಪ ಇಪ್ಪತ್ತನೇ ತಾರೀಕು, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸ್ಸಿಳಿದು, ದಾರಿಯಲ್ಲಿ ವಾರ್ಡ್ ಮೆಂಬರ್ ಧನರಾಜನನ್ನು ಜೊತೆ ಮಾಡಿಕೊಂಡು ಬಂದರು. ಜಗಲಿಯಲ್ಲಿದ್ದ ಒಂದೇ ಆರಾಮ ಕುರ್ಚಿಯಲ್ಲಿ ಕೂತರು. ಹಾರ್ಮೋನಿಯಂ ಅನ್ನು ಕಾಲಿನಿಂದ ಚೂರು ಆಚೆ ಸರಿಸಿದರು.

“ನಮ್ಮ ಹುಡುಗಿ ಎಂತ ಕಡಿಮೆ ಮಾಡಿದ್ದಾಳೆ? ಅದನ್ನು ಹೇಳು ಮೊದಲು.”

“ಎಂತ ಕಡಿಮೆ ಇಲ್ಲ ಮಾವ.”

“ಮತ್ತೆ ಈ ವಿಷಾದ ಯಾರದ್ದು?”

“ದೋಣಿಯವನದ್ದು.”

ಧನರಾಜ ಡೈರಿ ಬಿಚ್ಚಿದ. “ಯಾವ ವಾರ್ಡಿನವ?”

“ನಾಟಕದವ.”

“ಅದಾದರೂ ಒಂದು ವಾರ್ಡಿಗೆ ಬರ್ಬೇಕಲ್ಲ. ಸೇತುವೆ ಆದ ಮೇಲೆ ಕೆಲಸ ಹೋದದ್ದಾದರೆ ಅರ್ಜಿ ಕೊಡ್ಬಹುದು. ರೇಷನ್ ಕಾರ್ಡಿನ ಪ್ರತಿ ಬೇಕು.”

“ಅಂಥ ಜನವೇ ಇಲ್ಲ ಮೆಂಬರೇ!”

ಇಲ್ಲದ ಜನರ ದುಃಖಕ್ಕೆ ಇರುವ ಮನುಷ್ಯ ದಿವಸಾ ಒಂದು ಗಂಟೆ ಕೂತು ಅಳುತ್ತಾನೆ ಎಂಬುದನ್ನು ಇಬ್ಬರೂ ಒಪ್ಪಲಿಲ್ಲ. ಮಾವ ಎಲೆಅಡಿಕೆ ಹಾಕಿಕೊಂಡು ರಾಜಿಯ ಮಾತಿಗೆ ಇಳಿದರು. ನಾಟಕ ನಿಲ್ಲಿಸುವುದು ಬೇಡ. ಸಂಗೀತವೂ ಇರಲಿ. ಆದರೆ ಅದರ ಮೂರು ಸಂಗತಿಗಳಲ್ಲಿ ಚೂರು ಅತ್ತಿತ್ತ ಆಗಬೇಕು.

“ವಿಷಾದ ತೆಗೆದು ಸಂತೋಷ ಹಾಕುವ,” ಎಂದ ಧನರಾಜ.

“ಒಮ್ಮೆಲೇ ಸಂತೋಷಕ್ಕೆ ಹೋದರೆ ಜನ ನಂಬುದಿಲ್ಲ,” ಎಂದರು ಮಾವ. ಅವರು ಇಂಥ ಮೂವತ್ತು ರಾಜಿಗಳನ್ನು ಮಾಡಿಸಿದವರು. “ನಡುವಿನಲ್ಲಿ ಎಂತ ಉಂಟು ಭುಜಂಗ?”

ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರಲು ಭುಜಂಗನಿಗೆ ಬಾರದು. “ವಿಷಾದದ ಈಚೆಗೆ ಚಿಂತೆ, ಚಿಂತೆಯ ಈಚೆಗೆ ಬೇಸರ,” ಎಂದ.

“ಬೇಸರ ಆಗ್ಬಹುದು. ಬೇಸರ ಎಲ್ಲರ ಮನೆಯಲ್ಲೂ ಉಂಟು. ಸಾಧಾರಣ ಬೇಸರ ಅಂತ ಬರಿ. ಇನ್ನು ಊರೆಲ್ಲ ಹೇಳುವ ಈ ಐವತ್ತಾರು. ಅದು ತೀರಾ ಕಡಿಮೆ ಆಯ್ತು.”

“ಎಷ್ಟು ಬೇಕು ಮಾವ?”

“ನೀನೇ ಹೇಳು.”

“ಅರುವತ್ತನಾಲ್ಕು?”

“ಎಂಬತ್ತು,” ಎಂದ ಧನರಾಜ. ಎಪ್ಪತ್ತೆರಡಕ್ಕೆ ನಿಂತಿತು. “ಮತ್ತೆ ಆ ಕಪ್ಪು ಬೇಡ. ಕಪ್ಪು ಅಂದರೆ ಪ್ರತಿಭಟನೆ ಅಂತ ಆಗ್ತದೆ. ಇಪ್ಪತ್ತಾರನೇ ತಾರೀಕು ನಾನು ವೇದಿಕೆಯಲ್ಲಿ ಇರ್ತೇನೆ. ಬಿಳಿಯದ್ದು ಯಾವುದಾದರೂ ಹಾಕಿ.”

ಬಿಳಿಯಲ್ಲಿ ಗಾಳಿ ಬರುತ್ತದೆ ಎಂದು ಭುಜಂಗ ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ.

ತೀರ್ಮಾನ ಕಾಗದದಲ್ಲಿ ಇರಬೇಕು ಎಂದರು ಮಾವ. ಆ ಮನೆಯಲ್ಲಿ ಕರಾರು ಬರೆಯಲು ಬರುವವನು ಒಬ್ಬನೇ ಇದ್ದ. ಭುಜಂಗ ಪೆನ್ನು ತೆಗೆದ. ‘ಒಂದನೇ ಪಾರ್ಟಿಯವರು ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ಶುರು ಮಾಡಿದ ಮೇಲೆ ಅವನ ಕೈ ನಿಲ್ಲಲಿಲ್ಲ. ಗತಿಯ ಹೆಚ್ಚಳ, ಶ್ರುತಿಯ ಬದಲಾವಣೆ, ಭಾವದ ಇಳಿಕೆ, ಮುರಿದಲ್ಲಿ ಹೊಣೆ, ಎಲ್ಲವನ್ನೂ ಕಲಮು ಕಲಮಾಗಿ ಬರೆದ. ತನ್ನ ಸಂಗೀತದ ಕುತ್ತಿಗೆ ಹಿಚುಕುವ ಇಷ್ಟು ಚಂದದ ಕರಾರನ್ನು ಅವನು ಆ ಕೋಣೆಯ ಇಪ್ಪತ್ತಾರು ವರ್ಷಗಳಲ್ಲಿ ಬರೆದಿರಲಿಲ್ಲ. ಒಂದು ಚಿತ್ತು ಇರಲಿಲ್ಲ. ಬರೆದು, ಓದಿ ಹೇಳಿ, ಮೊದಲ ಸಹಿಯನ್ನೂ ತಾನೇ ಹಾಕಿದ. ಸಾಕ್ಷಿಗಳಾಗಿ ಮಾವ ಮತ್ತು ಮೆಂಬರ್ ಹಾಕಿದರು.

ತುಂಗಾ ಚಹಾ ತಂದಿಟ್ಟು ಕಾಗದ ಎತ್ತಿಕೊಂಡಳು. ನಿಂತೇ ಓದಿದಳು.

“ಎರಡನೇ ಪಾರ್ಟಿ ಅಂದರೆ ನಾನಾ?”

“ಹೌದು ಮಗಾ,” ಎಂದರು ಮಾವ. “ನಿನ್ನ ಮಾನಕ್ಕಾಗಿಯೇ ಇಷ್ಟೆಲ್ಲ.”

“ನನ್ನನ್ನು ಯಾರು ಕೇಳಿದ್ದು?” ಕಾಗದವನ್ನು ನಾಲ್ಕಾಗಿ ಮಡಚಿ ಬಿಸಿ ಚಹಾದ ಪಾತ್ರೆಯ ಅಡಿಗೆ ಇಟ್ಟಳು. “ಇವರು ಎಂತ ಬಾರಿಸ್ಬೇಕು ಅಂತ ಮೆಂಬರ್ ಹೇಳುದು ಬೇಡ. ನೀವೂ ಹೇಳುದು ಬೇಡ ಮಾವ. ಅಚ್ಚಾದದ್ದನ್ನೇ ಬಾರಿಸ್ಲಿ. ನಾನು ಎದುರಿನ ಸಾಲಿನಲ್ಲಿ ಕೂರ್ತೇನೆ. ನೋಡುವವರು ನೋಡ್ಲಿ.”

ಮಾವ ಚಹಾ ಕುಡಿದು ಹನ್ನೆರಡೂ ಇಪ್ಪತ್ತರ ಬಸ್ಸಿಗೆ ಹೋದರು. ಆಮೇಲಿನ ಆರು ದಿನ ತುಂಗಾ ಹೆಚ್ಚು ಮಾತಾಡಲಿಲ್ಲ. ಸಂಜೆ ಐದೂವರೆಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೂಡ ನಿಲ್ಲುತ್ತಿತ್ತು. ಇದು ಸಿಟ್ಟು ಎಂದು ಭುಜಂಗ ತೀರ್ಮಾನಿಸಿದ. ದಸ್ತಾವೇಜನ್ನು ಬಿಟ್ಟು ಬೇರೆ ಯಾವುದನ್ನು ಓದುವಾಗಲೂ ಅವನು ತಪ್ಪುತ್ತಿದ್ದ.

ಇಪ್ಪತ್ತಾರನೇ ತಾರೀಕು ಶನಿವಾರ. ನಾಟಕ ಏಳು ಗಂಟೆಗೆ. ಶಾಲೆಯ ಮೈದಾನದಲ್ಲಿ ನಾನೂರು ಕುರ್ಚಿ. ಬೇರೆ ವರ್ಷಗಳಲ್ಲಿ ಎರಡನೆಯ ದೃಶ್ಯಕ್ಕೆ ಅರ್ಧ ತುಂಬುತ್ತಿದ್ದ ಕುರ್ಚಿಗಳು ಈ ವರ್ಷ ಆರೂ ಮುಕ್ಕಾಲಿಗೆ ಭರ್ತಿ. ಹಿಂದೆ ನೂರು ಜನ ನಿಂತಿದ್ದರು. ಚರುಮುರಿಯವನ ಹತ್ತಿರ ಒಂದು ನರಪಿಳ್ಳೆ ಇರಲಿಲ್ಲ. ಅವನೂ ಬಂದು ಕೂತಿದ್ದ. ವೇದಿಕೆಯ ಎಡಬದಿಯಲ್ಲಿ, ಜನರಿಗೆ ಮುಖ ಮಾಡಿ ಕೂತ ಭುಜಂಗ ಸಾಲುಗಳನ್ನು ಎರಡು ಸಲ ಎಣಿಸಿದ. ಪರದೆ ಏಳುವ ಮೊದಲೇ ಇಷ್ಟು ಜನ ಕೂತದ್ದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

ಮೈದಾನದ ದೀಪ ಆರಿಸಬೇಕು ಎಂದು ಮಾಷ್ಟ್ರು ಹೇಳಿದ್ದರು. ಆರಿಸಿದರೆ ಮೈಕೂ ಆರುತ್ತದೆ, ಎರಡಕ್ಕೂ ಒಂದೇ ವಯರು ಎಂದು ಲೈಟಿನವನು ಹೇಳಿದ. ಟ್ಯೂಬ್‌ಲೈಟುಗಳು ಉರಿಯುತ್ತಲೇ ಉಳಿದವು. ಎದುರಿನ ಸಾಲಿನ ಬಲತುದಿಯಲ್ಲಿ ತುಂಗಾ ಕೂತಿದ್ದಳು. ಹಸಿರು ಸೀರೆ. ಪಕ್ಕದಲ್ಲಿ ಸುಂದರಿ. ಅವಳ ಹಿಂದೆ ನಮಿತಾ.

ಪರದೆಯ ಹಿಂದಿನಿಂದ ಮಾಷ್ಟ್ರ ದನಿ ಬಂತು. “ಶುರು ಮಾಡು. ದೋಣಿಯವನ ಮೀಸೆ ಅಂಟಿಸ್ತಾ ಇದ್ದಾರೆ. ಎರಡು ಮುಕ್ಕಾಲು ನಿಮಿಷಕ್ಕೆ ಸರಿಯಾಗಿ ಪರದೆ ಎಳೀತೇನೆ, ಒಂದು ಸೆಕೆಂಡ್ ಹಿಂದೆ ಮುಂದೆ ಇಲ್ಲ.”

ಮೊದಲ ಆವರ್ತ ಬಂತು. ಗುಣಪಾಲ ಆವತ್ತು ಓಡಲಿಲ್ಲ. ಐವತ್ತಾರು ಎಂದರೆ ಐವತ್ತಾರು. ಮೂರನೆಯ ಆವರ್ತಕ್ಕೆ ಪಿಟೀಲು ಸೇರಿತು. ಐದಕ್ಕೆ ಕುಂಞನ ಕ್ಲಾರಿನೆಟ್ಟು, ಮೂವತ್ತು ವರ್ಷ ಮದುಮಕ್ಕಳನ್ನು ನಡೆಸಿದ ಆ ಕ್ಲಾರಿನೆಟ್ಟು, ಕಪ್ಪು ಎರಡರಲ್ಲಿ ಒಂದು ನಿಟ್ಟುಸಿರು ಬಿಟ್ಟಿತು. ಮೈದಾನದಲ್ಲಿ ಒಂದು ಮಗು ಕೂಡ ಅಳಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಯಾರೂ ಕೂಗಲಿಲ್ಲ. ಭುಜಂಗ ಧೈರ್ಯ ಮಾಡಿ ತಲೆ ಎತ್ತಿ ನೋಡಿದ.

ನಾನೂರು ಮುಖಗಳಲ್ಲಿ ಒಂದೂ ತನ್ನ ಕಡೆ ಇರಲಿಲ್ಲ. ಎಲ್ಲವೂ ಬಲಕ್ಕೆ ತಿರುಗಿದ್ದವು. ಹಿಂದಿನ ಸಾಲಿನವರು ಎದ್ದು, ಮುಂದಿನವರ ಭುಜದ ಮೇಲಿಂದ ನೋಡುತ್ತಿದ್ದರು. ವೇದಿಕೆಯ ಕೆಳಗೆ ನಿಂತಿದ್ದ ಧನರಾಜ ಕೂಡ ಅತ್ತಲೇ ನೋಡುತ್ತಿದ್ದ. ಪ್ರತಿ ಸಲ ಕ್ಲಾರಿನೆಟ್ಟು ಇಳಿಯುವಾಗಲೂ ನಾನೂರು ಜನ ತುಂಗಾಳ ಮುಖದಲ್ಲಿ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಇನ್ನೂ ಇಳಿದಾಗ ಇನ್ನೂ ಬಗ್ಗುತ್ತಿದ್ದರು. ತುಂಗಾ ಕತ್ತು ನೆಟ್ಟಗೆ ಇಟ್ಟು, ಮಡಿಲಲ್ಲಿ ಕೈಕಟ್ಟಿ, ಮುಚ್ಚಿದ ಪರದೆಯನ್ನೇ ನೋಡುತ್ತ ಕೂತಿದ್ದಳು. ಅವಳ ಕಣ್ಣು ತುಂಬಿತ್ತು.

ಎಂಟನೆಯ ಆವರ್ತ. ಒಂಬತ್ತು. ಹತ್ತು.

ಇಷ್ಟರವರೆಗೆ ಎಪ್ಪತ್ತೈದು ಸೆಕೆಂಡು. ಇನ್ನೂ ಒಂದೂವರೆ ನಿಮಿಷ ಇದೆ ಎಂದು ಭುಜಂಗ ಲೆಕ್ಕ ಹಾಕಿದ. ಅಷ್ಟು ಹೊತ್ತು ಹೆಂಡತಿಯನ್ನು ಹಾಗೆ ಕೂರಿಸಿಡುವುದು ಅವನಿಂದ ಆಗಲಿಲ್ಲ. ಗುಣಪಾಲನ ಕಡೆ ನೋಡಿ ಗದ್ದ ಎತ್ತಿದ. ದುಪ್ಪಟ್ಟು ಎಂಬುದಕ್ಕೆ ಅವರಲ್ಲಿ ಅದೇ ಸಂಜ್ಞೆ. ಗುಣಪಾಲ ನಂಬಲಿಲ್ಲ. ಭುಜಂಗ ಇನ್ನೊಮ್ಮೆ ಎತ್ತಿದ.

ಹನ್ನೊಂದನೆಯ ಆವರ್ತಕ್ಕೆ ನಾಲ್ವರೂ ಓಡಿದರು. ನಿಮಿಷಕ್ಕೆ ನೂರ ಹನ್ನೆರಡು. ಕುಂಞನಿಗೆ ಅದು ದಿಬ್ಬಣದ ಗತಿ. ಅವನ ಕೆನ್ನೆಗಳಿಗೆ ಜೀವ ಬಂತು, ಕೇಳದೆ ಎರಡು ಗಿರಕಿಗಳನ್ನೂ ಸೇರಿಸಿದ. ನಾನೂರು ಕತ್ತುಗಳು ಒಮ್ಮೆಲೇ ವೇದಿಕೆಯ ಕಡೆ ತಿರುಗಿದವು. ಯಾರೋ ತಾಳ ಹಾಕಿದರು. ಹಿಂದಿನಿಂದ ಸಿಳ್ಳೆ ಬಂತು. ಧನರಾಜ ಎರಡು ಕೈಯೆತ್ತಿ, ಎಲ್ಲ ಇತ್ಯರ್ಥ ಆಯಿತು ಎಂಬಂತೆ ಜನರಿಗೆ ತೋರಿಸಿದ. ಉಳಿದ ಹನ್ನೆರಡು ಆವರ್ತ ನಲವತ್ತೈದು ಸೆಕೆಂಡಿನಲ್ಲಿ ಮುಗಿದು ಹೋಯಿತು.

ಒಟ್ಟು ಎರಡು ನಿಮಿಷ. ಮಾಷ್ಟ್ರ ವಾಚಿನಲ್ಲಿ ಇನ್ನೂ ಮುಕ್ಕಾಲು ನಿಮಿಷ ಬಾಕಿ. ದೋಣಿಯವನ ಬಲ ಮೀಸೆ ಮಾತ್ರ ಅಂಟಿತ್ತು. ಪರದೆ ಏಳಲಿಲ್ಲ. ಜನ ಚಪ್ಪಾಳೆ ತಟ್ಟಿ ಮುಗಿಸಿದರು. ಆಮೇಲೂ ಪರದೆ ಏಳಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ. ಮುಚ್ಚಿದ ಪರದೆ ಕಂಡ ಜನ ಎದ್ದರು. ದೋಣಿಯವನ ಮೊದಲ ಮಾತು ಬರುವಾಗ ಎದುರಿಗೆ ನೂರ ಹತ್ತು ಜನ ಇದ್ದರು, ಚರುಮುರಿಯವನ ಹತ್ತಿರ ಇನ್ನೂರು.

ಮಾಷ್ಟ್ರು ಆ ರಾತ್ರಿ, ಮುಂದಿನ ವರ್ಷ ಸಂಗೀತವನ್ನು ಪೆನ್‌ಡ್ರೈವಿನಲ್ಲಿ ತರುವುದು ಎಂದು ಸಂಘದ ಕಾರ್ಯದರ್ಶಿಗೆ ಹೇಳಿದ್ದು ಗುಣಪಾಲನಿಗೆ ಕೇಳಿಸಿತು. ಗುಣಪಾಲ ಅದನ್ನು ಭುಜಂಗನಿಗೆ ಹೇಳಿದ. ನಮಿತಾ ತನ್ನ ಪುಸ್ತಕದಲ್ಲಿ ಭುಜಂಗನ ಹೆಸರಿನ ಎದುರು ‘ಸುಧಾರಣೆ ಕಂಡಿದೆ’ ಎಂದು ಬರೆದಳು.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ತುಂಗಾ ಚಹಾ ಕೊಟ್ಟಳು. ಭುಜಂಗ ಹಾರ್ಮೋನಿಯಂಗೆ ಬಟ್ಟೆ ಸುತ್ತಿ ಗಂಟು ಹಾಕುತ್ತಿದ್ದ.

“ನಿನ್ನೆ ಯಾಕೆ ಓಡಿಸಿದ್ದು?” ಎಂದು ಕೇಳಿದಳು.

“ನಿನಗೆ ಬೇಸರ ಆಗ್ತಾ ಇತ್ತಲ್ಲ. ಎಲ್ಲ ನಿನ್ನನ್ನೇ ನೋಡ್ತಾ ಇದ್ರು.”

“ನೋಡಿದ್ರೆ ನೋಡ್ಲಿ ಅಂತ ಆವತ್ತೇ ಹೇಳಿದ್ದೆನಲ್ಲ. ನಾನು ಕೇಳ್ತಾ ಇದ್ದೆ.”

“ನೀನು ಅಳ್ತಾ ಇದ್ದಿ.”

“ಅಳುವ ಹಾಗೆ ಬಾರಿಸಿದ್ರೆ ಮತ್ತೆಂತ ಮಾಡುದು?” ಎಂದಳು ತುಂಗಾ. “ಒಂದು ತಿಂಗಳು ಅಡುಗೆಮನೆಯಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠ ಬರ್ತದೆ. ಕೊನೆಗೆ ಬರುವಾಗ ಒಂದು ಕಡೆ ಎಲ್ಲ ನಿಲ್ಲಿಸಿ ನಿಮ್ಮ ಪೆಟ್ಟಿಗೆ ಒಂದೇ ಮೆಲ್ಲ ಕೆಳಗೆ ಇಳೀತದಲ್ಲ, ದೋಣಿ ದಡ ಮುಟ್ಟಿದ ಹಾಗೆ. ನನಗೆ ಅದೇ ಬೇಕಿತ್ತು. ಅದಕ್ಕೆ ಕಾಯ್ತಾ ಇದ್ದೆ. ಅದು ಬರ್ಲೇ ಇಲ್ಲ.”

ಭುಜಂಗ ಗಂಟು ಹಾಕುವುದನ್ನು ನಿಲ್ಲಿಸಿದ. ಆಮೇಲೆ ಒಂದು ಆವರ್ತದ ಏಳು ಅಕ್ಷರವನ್ನು ನೂರ ಹನ್ನೆರಡರಿಂದ ಭಾಗಿಸಿ ಅರುವತ್ತರಿಂದ ಗುಣಿಸಿದ.

“ಬಂದಿತ್ತು,” ಎಂದ. “ಮೂರು ಮುಕ್ಕಾಲು ಸೆಕೆಂಡು ಇತ್ತು.”

“ಹೌದಾ?” ತುಂಗಾ ನೆನಪು ಮಾಡಿಕೊಂಡಳು. “ಹಾಗಾದರೆ ಅದೇ ಹೊತ್ತಿಗೆ ಸುಂದರಿಯಕ್ಕ ಸೀನಿದ್ದು.”